ಕೆಂಪಿ ಕಾವು ಕೊಟ್ಟ ಹಳದಿ ಬೆಳಕು

ನಮ್ಮ ಕಾಲೇಜಿನ ಕಾರ್ಯದರ್ಶಿ ಮೋಹನ್‌ಕುಮಾರ್ ಅವರಿಗೆ ಅಣಬೆ ಬೆಳೆಯುವ ಹುಚ್ಚು ಹಿಡಿಯದೇ ಹೋಗಿದ್ದರೆ ನಾನು ಕೋಳಿಯ ಹೊಟ್ಟೆಯ ಕೆಳಗೆ ಲೇಸರ್ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹಾಸನದ ತುಂಬ ಹಬ್ಬಿದ ಮಾತಿನಲ್ಲಿ ತಪ್ಪೆಲ್ಲ ನನ್ನದು, ಇಲ್ಲವೇ ಕೋಳಿಯದು ಅಂತಲೇ ಇತ್ತು. ಆ ಮಹಾಶಯರ ಹೆಸರನ್ನು ಯಾರೂ ಎತ್ತಲಿಲ್ಲ.

ಮೋಹನ್‌ಕುಮಾರ್ ಹೊಳೆನರಸೀಪುರದವರು, ಅಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದಾರೆ. ಎಲ್ಲೋ ಎರಡು ದಿನದ ಅಣಬೆ ತರಬೇತಿಗೆ ಹೋಗಿ ಬಂದವರೇ ಕಾಲೇಜನ್ನೆಲ್ಲ ಸುತ್ತಿ, ಕತ್ತಲಾಗಿರುವ, ತಣ್ಣಗಿರುವ, ದೂಳಿಲ್ಲದ ಕೋಣೆ ಯಾವುದೆಂದು ಹುಡುಕಿದರು. ಅಂಥದ್ದು ಇದ್ದದ್ದು ಒಂದೇ, ನನ್ನ ಲೇಸರ್ ಪ್ರಯೋಗಾಲಯ. ಬಾಗಿಲು ತೆಗೆದು ಮೂಗರಳಿಸಿ, "ಆಹಾ ರೂಪಶ್ರೀ ಮೇಡಂ, ಅಣಬೆಗೇ ಅಂತ ಏಳಿ ಮಾಡ್ಸಿದಂಗದೆ ಕಣ್ರೀ" ಎಂದರು. ಏಳು ವರ್ಷದಿಂದ ಆ ಕೋಣೆಯಲ್ಲಿ ಜೀವ ತೇಯ್ದವಳು ನಾನು. ಅಲ್ಲೇ ಅವರ ಕತ್ತು ಹಿಸುಕುವಷ್ಟು ಕೋಪ ಬಂತು. "ಕಾಫಿ ತಗೋತೀರಾ ಸಾರ್" ಅಂದೆ.

ನಾನು ಮಾಡುವ ಕೆಲಸಕ್ಕೆ ನಾನ್‌ಲೀನಿಯರ್ ಆಪ್ಟಿಕ್ಸ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ಹೀಗೆ ಹೆದರಿಯೇ ನನ್ನ ತಮ್ಮನ ಮದುವೆಯಲ್ಲಿ ಯಾರೂ ನನ್ನ ಪಕ್ಕದ ಎಲೆಗೆ ಕೂರಲಿಲ್ಲ. ಲೇಸರ್ ಅನ್ನುವುದು ಹಟಮಾರಿ ಬೆಳಕು. ಯಾವ ಬಣ್ಣದಲ್ಲಿ ಹುಟ್ಟಿತೋ ಅದೇ ಬಣ್ಣದಲ್ಲಿ ಸಾಯುತ್ತದೆ. ಅದರಲ್ಲೂ ಹಳದಿ ನೇರವಾಗಿ ಸಿಗುವುದು ಬಲು ಕಷ್ಟ, ಕಣ್ಣಿನ ಪರದೆಯ ಚಿಕಿತ್ಸೆಗೆ ಬೇಕಾಗುವುದು ಮಾತ್ರ ಅದೇ ಹಳದಿ. ಅದಕ್ಕೆ ನಾವು ಕೆಂಪಿಗಿಂತ ಆಚೆಯ, ಕಣ್ಣಿಗೆ ಕಾಣದ ಎರಡು ಲೇಸರ್ ಕಿರಣಗಳನ್ನು ಒಂದು ಹರಳಿನೊಳಗೆ ಜೊತೆಯಾಗಿ ಕಳಿಸುತ್ತೇವೆ. ಮಾಮೂಲಿ ಗಾಜಾದರೆ ಅವು ಒಂದನ್ನೊಂದು ಕ್ಯಾರೇ ಅನ್ನದೆ ದಾಟಿ ಹೋಗುತ್ತವೆ. ಈ ಹರಳಿನಲ್ಲಿ ಮಾತ್ರ ಎರಡೂ ಕೂಡಿಕೊಂಡು ಮೂರನೆಯ ಬೆಳಕಾಗಿ ಹೊರಗೆ ಬರುತ್ತವೆ, ಅರಿಶಿನದಷ್ಟು ಹಳದಿಯಾಗಿ. ಷರತ್ತು ಒಂದೇ. ನನ್ನ ಹರಳಿನ ಬಿಸಿ ಮೂವತ್ತೊಂಬತ್ತು ಡಿಗ್ರಿಯಲ್ಲಿ ನಿಲ್ಲಬೇಕು. ಸ್ವಲ್ಪ ಆಚೀಚೆ ಆದರೂ ಬೆಳಕುಗಳು ಹೆಜ್ಜೆ ತಪ್ಪುತ್ತವೆ, ಕಾಣದವು ಕಾಣದವಾಗಿಯೇ ಹೋಗುತ್ತವೆ.

ಆ ಬಿಸಿಯನ್ನು ಕಾಯುವ ಪೆಟ್ಟಿಗೆ ಬೇಸಿಗೆಯ ಒಂದು ಸಿಡಿಲಿಗೆ ಸುಟ್ಟುಹೋಯಿತು. ಹೊಸದು ಹೊರದೇಶದಿಂದ ಬರಬೇಕು. ಕೇಳಿದರೆ ಮೋಹನ್‌ಕುಮಾರ್, "ಅಣಬೆ ಲಾಭ ಬರ್ಲಿ ಮೇಡಂ, ತರ್ಸಾಣ" ಅಂದರು. ಅಣಬೆ ಬಂದಮೇಲೆ ಪೆಟ್ಟಿಗೆ ಇಡಲು ಕೋಣೆ ಎಲ್ಲಿದೆ ಎಂದರೆ ನಕ್ಕರು. ಕೊನೆಗೆ ಟ್ರಸ್ಟಿನ ಸಭೆಯಲ್ಲಿ ಒಂದು ತೀರ್ಮಾನವಾಯಿತು. ಹೊರಗಿನ ತಜ್ಞರೊಬ್ಬರು ಬಂದು ನೋಡುತ್ತಾರೆ. ನಾನೇ ಜಂಬಕ್ಕೆ ಬರೆದುಕೊಟ್ಟಿದ್ದಂತೆ ಅರವತ್ತು ಮಿಲಿವ್ಯಾಟ್ ಹಳದಿ ಬೆಳಕು ಅಲ್ಲಾಡದೆ ನಿಂತರೆ ಕೋಣೆ ನನಗೆ, ಇಲ್ಲದಿದ್ದರೆ ಅಣಬೆಗೆ.

ನಾನು ಬಲ್ಬಿನ ಕಾವು ಕೊಟ್ಟು ನೋಡಿದೆ. ಕರೆಂಟು ಏರಿದಾಗ ಹರಳು ಕಾದು, ಇಳಿದಾಗ ತಣಿದು, ಹಳದಿ ಕಣ್ಣು ಮಿಟುಕಿಸಿ ಮಾಯವಾಗುತ್ತಿತ್ತು. ಯುಪಿಎಸ್‌ಗೆ ಹಾಕೋಣವೆಂದರೆ ಅದು ಲೇಸರನ್ನು ಹೊರುವುದೇ ಹೆಚ್ಚು. ಬಿಸಿನೀರು ಸುತ್ತಿಸಿದೆ, ಮೇಜೆಲ್ಲ ನಡುಗಿತು. ನಮ್ಮ ವಿಭಾಗದ ಮುಖ್ಯಸ್ಥರು ಜಿನೇಂದ್ರ ಸರ್, ಚನ್ನರಾಯಪಟ್ಟಣದ ಕಡೆಯ ಜೈನರು, ಇರುವೆ ಕಂಡರೂ ದಾರಿ ಬಿಟ್ಟು ನಡೆಯುವವರು. "ಸಮಾಧಾನ ಇರ್ಲಿ ರೂಪಶ್ರೀ, ಎಲ್ಲಾ ಕರ್ಮ" ಎಂದು ಅವರು ಹೇಳಿದ ಮೇಲೆ ನನಗೆ ಇನ್ನೂ ಸಿಟ್ಟು ಬಂತು.

ಭಾನುವಾರ ನಮ್ಮೂರು ಕಟ್ಟಾಯಕ್ಕೆ, ದೊಡ್ಡವ್ವನ ಹತ್ತಿರ ಹೋದೆ. ದೊಡ್ಡವ್ವ ಅಂದರೆ ನನ್ನ ದೊಡ್ಡಪ್ಪನ ಹೆಂಡತಿ ದೊಡ್ಡತಾಯಮ್ಮ. ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ನನಗೆ ಅಳು ಬಂದಾಗಲೆಲ್ಲ ನಾನು ಹೋಗಿ ಕೂರುವುದು ಅವಳ ಅಡುಗೆಮನೆಯ ಮೂಲೆಯಲ್ಲೇ. ಅವತ್ತು ಆ ಮೂಲೆಯಲ್ಲಿ ಬಿದಿರಿನ ಮಂಕರಿಯೊಳಗೆ ಕೆಂಪಿ ಕಾವಿಗೆ ಕೂತಿತ್ತು. ಕೆಂಪಿ ದೊಡ್ಡವ್ವನ ನಾಟಿ ಕೋಳಿ. ನಾನು ಅದರ ಪಕ್ಕ ಕೂತು, ಮೂಗೊರೆಸಿಕೊಂಡು, ಸುಮ್ಮನೆ ಅದರ ಹೊಟ್ಟೆಯ ಕೆಳಗೆ ಕೈ ಹಾಕಿದೆ. ಕುಕ್ಕಿತು. ಕೈ ತೆಗೆಯಲಿಲ್ಲ, ಯಾಕೆಂದರೆ ಅಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ಬಿಸಿ ಇತ್ತು. ಬ್ಯಾಗಿನಿಂದ ಥರ್ಮಾಮೀಟರಿನ ತಂತಿ ತೆಗೆದು ಒಳಗೆ ತೂರಿಸಿದೆ.

"ಕಾವಿಗ್ ಕೂತಿರೋ ಕೋಳಿಗೆ ವೈರ್ ತುರುಕ್ತೀಯಲ್ಲೇ, ನಿಂಗೇನ್ ಬಂದಿರಾದು?" ಎಂದಳು ದೊಡ್ಡವ್ವ.

"ಜ್ವರ ನೋಡ್ತಿದೀನಿ ದೊಡ್ಡವ್ವ."

"ಅದುಕ್ಕೇನಾಗದೆ? ಮೊದ್ಲು ನಿಂಗೆ ನೋಡ್ಕೋ."

ಮೂವತ್ತೊಂಬತ್ತು. ಊಟ ಮಾಡಿ ಬಂದು ನೋಡಿದೆ, ಮೂವತ್ತೊಂಬತ್ತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಕೆಂಪಿ ಮೂವತ್ತೊಂಬತ್ತರಲ್ಲಿ ಕಲ್ಲಿನಂತೆ ಕೂತಿತ್ತು. ಹೊರದೇಶದ ಪೆಟ್ಟಿಗೆಗೂ ಇಷ್ಟು ಸ್ಥಿರತೆ ಇರಲಿಲ್ಲ, ಅದಕ್ಕೆ ಸಿಡಿಲೊಂದು ಸಾಕಾಯಿತಲ್ಲ! ಕೆಂಪಿಯನ್ನು ಕೊಡು ಎಂದು ನಾನು ದೊಡ್ಡವ್ವನ ಕಾಲು ಹಿಡಿಯುವುದೊಂದು ಬಾಕಿ.

"ಕೊಡ್ತೀನಿ. ಆದ್ರೆ ಸುಮ್ಕೆ ಕೊಡಾಕಿಲ್ಲ, ಪಾಲಿಗೆ ಕೊಡ್ತೀನಿ" ಅಂದಳು.

ನಮ್ಮ ಕಡೆ ಹೊಲ, ದನ, ಮನೆ ಎಲ್ಲ ಗಂಡಸರ ಹೆಸರಿನಲ್ಲಿದ್ದರೂ ಕೋಳಿ ಮಾತ್ರ ಹೆಂಗಸಿನದು. ಅದಕ್ಕೆ ಯಾರೂ ಕೈ ಹಾಕುವುದಿಲ್ಲ. ಕಾವಿಗೆ ಬಂದ ಕೋಳಿಯನ್ನು ಇನ್ನೊಬ್ಬರಿಗೆ ಪಾಲಿಗೆ ಕೊಟ್ಟರೆ, ಅದು ಕೂತು ಮಾಡಿದ ಮರಿಯಲ್ಲಿ ಅರ್ಧ ಕೋಳಿ ಕೊಟ್ಟವಳಿಗೆ, ಅರ್ಧ ಸಾಕಿದವಳಿಗೆ. ಅರ್ಧ ಕೊಡದಿದ್ದರೆ ಕೂತ ಕೋಳಿಯನ್ನು ಕೂತಲ್ಲಿಂದಲೇ ಎತ್ತಿಕೊಂಡು ಹೋಗಬಹುದು, ಯಾರೂ ಕೇಳುವಂತಿಲ್ಲ. "ಏನ್ ಉಟ್ತದೋ ಅದ್ರಲ್ಲಿ ಅರ್ಧ ನಂದು, ಆಯ್ತಾ?" ಅಂದಳು. ಹುಟ್ಟುವುದಾದರೂ ಏನು ಎಂದುಕೊಂಡು, "ಆಯ್ತು ದೊಡ್ಡವ್ವ, ಅರ್ಧ ನಿಂದು" ಅಂದೆ. ಕೆಂಪಿಯ ಕೆಳಗಿದ್ದ ಮೊಟ್ಟೆಗಳನ್ನು ಪಕ್ಕದ ಮನೆಯವರ ಕಾವಿನ ಕೋಳಿಯ ಕೆಳಗೆ ಸೇರಿಸಿ, ಕೆಂಪಿಯನ್ನು ಮಂಕರಿ ಸಮೇತ ನನ್ನ ಕೈಗಿಟ್ಟಳು. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರಿದ.

ಜಿನೇಂದ್ರ ಸರ್ ಮಂಕರಿಯನ್ನು ಬಾಗಿಲಲ್ಲೇ ತಡೆದರು. ನಾನು ವಿವರಿಸಿದೆ. ಹರಳು ತಾಮ್ರದ ಅಚ್ಚಿನೊಳಗೆ ಮೇಜಿಗೆ ಭದ್ರವಾಗಿರುತ್ತದೆ, ಸುತ್ತ ಹುಲ್ಲಿನ ಗೂಡು, ಬೆಳಕು ಹೋಗಿಬರಲು ಎರಡು ಕೊಳವೆ, ಮೇಲೆ ಕೋಳಿ. ಅವರು ಮಂಕರಿಯೊಳಗೆ ಬಗ್ಗಿ ನೋಡಿದರು.

"ಕೋಳಿಗೆ ಹಿಂಸೆ ಆಗಲ್ವಾ?"

"ಇಲ್ಲ ಸಾರ್. ಅದು ಹೇಗೂ ಕೂರುತ್ತೆ."

"ಕೆಳಗೆ ಮೊಟ್ಟೆ ಇಡ್ತೀರಾ?"

"ಇಲ್ಲದಿದ್ರೆ ಎದ್ದು ಹೋಗುತ್ತೆ ಸಾರ್."

"ಈ ವಿಭಾಗದಲ್ಲಿ ಮೊಟ್ಟೆ ಬೇಡ ರೂಪಶ್ರೀ. ನಾನು ಊಟ ಮಾಡೋ ಜಾಗ ಪಕ್ಕದಲ್ಲೇ ಇದೆ."

ಹೀಗಾಗಿ ಆಟದ ಕೋಣೆಯಿಂದ ಟೇಬಲ್ ಟೆನ್ನಿಸ್ ಚೆಂಡು ತಂದೆವು. ಕೆಂಪಿ ಚೆಂಡುಗಳನ್ನು ಒಂದೊಂದಾಗಿ ಕೊಕ್ಕಿನಿಂದ ಸರಿಪಡಿಸಿಕೊಂಡು ತಾಮ್ರದ ಅಚ್ಚಿನ ಮೇಲೆ ಹೊಟ್ಟೆ ಊರಿ ಕೂತಿತು. ಲೇಸರ್ ಕೋಣೆಯಲ್ಲಿ ಎಲ್ಲರೂ ಕನ್ನಡಕ ಹಾಕಲೇಬೇಕೆಂಬುದು ಸುರಕ್ಷತಾ ನಿಯಮ, ಆ ನಿಯಮಕ್ಕೆ ಜಿನೇಂದ್ರ ಸರ್ ಅವರೇ ಅಧಿಕಾರಿ. "ಕೋಳಿಗೂ ಕಣ್ಣಿದೆ" ಎಂದು ಅವರು ಯಾರದ್ದೋ ಮದುವೆಯ ದಪ್ಪ ಕಾಗದದ ಆಮಂತ್ರಣವನ್ನು ಕತ್ತರಿಸಿ ಕೆಂಪಿಯ ತಲೆಯ ಪಕ್ಕಕ್ಕೆ ಮರೆ ಮಾಡಿದರು. ಮರೆಯ ಮೇಲೆ ಚಿನ್ನದ ಅಕ್ಷರದಲ್ಲಿ ವಧೂವರರ ಹೆಸರಿತ್ತು.

ಲೇಸರ್ ಹಾಕಿದೆ. ಕೋಳಿಯ ಹಿಂದಿನ ಕೊಳವೆಯಿಂದ ಗೋಡೆಯ ಮೇಲೆ ಒಂದು ಹಳದಿ ಬೊಟ್ಟು ಬಿತ್ತು. ಮಿಟುಕಲಿಲ್ಲ. ಅಳೆಯುವ ಮೀಟರಿನಲ್ಲಿ ಅರವತ್ತನಾಲ್ಕು. ನಾನು ಅಳತೊಡಗಿದೆ. ಕೆಂಪಿ ಕೊರ್ ಅಂದಿತು.

ಆಮೇಲಿನ ಮೂರು ವಾರ ವಿಭಾಗವೆಲ್ಲ ಬಾಣಂತಿಯ ಮನೆಯಾಯಿತು. ಯಾರೂ ಜೋರಾಗಿ ಬಾಗಿಲು ಹಾಕುತ್ತಿರಲಿಲ್ಲ. ಬೆಳಿಗ್ಗೆ ಕೆಂಪಿ ಎದ್ದು, ಪಡಸಾಲೆಯಲ್ಲಿ ಎರಡು ಸುತ್ತು ಹಾಕಿ, ರಾಗಿ ತಿಂದು, ಎಲ್ಲಿ ಬೇಕೋ ಅಲ್ಲಿ ಹೊಲಸು ಮಾಡಿ ವಾಪಸು ಬರುವವರೆಗೆ ಆ ಕಡೆ ತರಗತಿಗಳೇ ಇರಬಾರದೆಂದು ವೇಳಾಪಟ್ಟಿ ಬದಲಾಯಿತು. ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. "ಮೇಡಂ, ಲೇಸರ್ ಮೇವು ತಿಂತಾ ಐತೆ" ಎಂದು ಹುಡುಗರು ಬಂದು ಹೇಳುವರು, ನಾನು "ತಿನ್ನಲಿ" ಅನ್ನುವೆ.

ತಜ್ಞರು ಬಂದರು. ಅರಕಲಗೂಡಿನ ಪಂಚಾಕ್ಷರಯ್ಯ, ದೊಡ್ಡ ಸಂಸ್ಥೆಯೊಂದರಲ್ಲಿ ಬೆಳಕಿನ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಕೈಯಲ್ಲಿ ಕೊಡೆ, ಮುಖದಲ್ಲಿ ಹುಟ್ಟಿದಾಗಿನಿಂದ ನಕ್ಕ ಗುರುತಿಲ್ಲ. ಅವರ ಹಿಂದೆ ಮೋಹನ್‌ಕುಮಾರ್. ಅವರ ಹಿಂದೆ ಪಡಸಾಲೆಯಲ್ಲಿ ಹುಲ್ಲು ತುಂಬಿದ ಅಣಬೆ ಚೀಲಗಳು, ಆಗಲೇ ಒಳಗೆ ಬರಲು ಸಾಲುಗಟ್ಟಿ ನಿಂತಿದ್ದವು. ಎಲ್ಲರಿಗೂ ಜಿನೇಂದ್ರ ಸರ್ ಕನ್ನಡಕ ಹಂಚಿದರು.

ಪಂಚಾಕ್ಷರಯ್ಯ ಮೇಜನ್ನು ಸುತ್ತಿ ಬಂದು ಕೆಂಪಿಯ ಮುಂದೆ ನಿಂತರು.

"ಬಿಸಿ ಕಾಯೋದು ಇದಾ?"

"ಹೌದು ಸಾರ್."

"ಏರಿಳಿತ ಎಷ್ಟು?"

"ಅರ್ಧ ಡಿಗ್ರಿ ಸಾರ್."

"ತಯಾರಿಕೆ?"

"ಕಟ್ಟಾಯ, ಸಾರ್."

"ಹೂಂ" ಎಂದು ಬರೆದುಕೊಂಡರು. ಮೋಹನ್‌ಕುಮಾರ್‌ಗೆ ತಡೆಯಲಾಗಲಿಲ್ಲ. "ಏನ್ ಸಾ ಇದು, ಕೋಳಿ ಕಣ್ ಸಾ! ಲ್ಯಾಬೊಳಗೆ ಕೋಳಿ ಕೂರ್ಸವ್ರೆ!" ಎಂದರು. ಪಂಚಾಕ್ಷರಯ್ಯ ತಿರುಗಿಯೂ ನೋಡದೆ, "ಬೆಳಕು ನಿಂತಿದೆಯೋ ಇಲ್ವೋ ಅಷ್ಟೇ ನನ್ನ ಕೆಲಸ. ಅರ್ಧ ಗಂಟೆ ನೋಡ್ತೀನಿ" ಎಂದು ಸ್ಟೂಲ್ ಎಳೆದುಕೊಂಡು ಕೂತರು. ಮೀಟರಿನಲ್ಲಿ ಅರವತ್ತನಾಲ್ಕು, ಅರವತ್ತನಾಲ್ಕು, ಅರವತ್ತನಾಲ್ಕು. ನನಗೆ ಇನ್ನು ಗೆದ್ದೆ ಅನ್ನಿಸಿತು.

ಆಗ ಬಾಗಿಲಲ್ಲಿ ದೊಡ್ಡವ್ವ ಬಂದು ನಿಂತಳು. ಕಂಕುಳಲ್ಲಿ ಖಾಲಿ ಮಂಕರಿ. ಮೂರು ವಾರ ಅಂದರೆ ಮರಿ ಒಡೆಯುವ ಹೊತ್ತು. ಅವಳು ಎಣಿಸಿಕೊಂಡೇ ಬಂದಿದ್ದಳು.

"ಎಲ್ಲವೆ ನನ್ ಮರಿ?" ಅಂದಳು. ಜಿನೇಂದ್ರ ಸರ್ ಅವಳಿಗೂ ಕನ್ನಡಕ ತೊಡಿಸಿದರು. ಅವಳು ಕೆಂಪಿಯ ಮೈ ಸವರಿ, ಕೆಳಗಿನಿಂದ ಒಂದು ಚೆಂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. "ಇದ್ಯಾತರ ಮೊಟ್ಟೆನೇ? ಒಳಗೇನೂ ಇಲ್ವಲ್ಲೇ!"

"ದೊಡ್ಡವ್ವ, ಮರಿ ಗಿರಿ ಏನೂ ಇಲ್ಲ. ಆಮೇಲೆ ಹೇಳ್ತೀನಿ" ಅಂದೆ. ಅವಳ ಕಣ್ಣು ಮೀಟರಿನ ಬಾಯಿಗೆ ಬೀಳುತ್ತಿದ್ದ ಹಳದಿಯ ಮೇಲೆ ಹೋಯಿತು. ಕೊಳವೆಯನ್ನು ನೋಡಿದಳು. ಕೋಳಿಯನ್ನು ನೋಡಿದಳು. ಕೋಣೆಯಲ್ಲಿ ಹೆಚ್ಚು ವಯಸ್ಸಾದವರು ಯಾರೆಂದು ನೋಡಿ ಪಂಚಾಕ್ಷರಯ್ಯನವರನ್ನೇ ಕೇಳಿದಳು. "ಸಾಮೀ, ಇದು ನಮ್ ಕೆಂಪಿ ಕೂತಿದ್ಕೆ ಉಟ್ಟಿದ್ದಾ?"

ಆ ಮನುಷ್ಯನಿಗೆ ಸುಳ್ಳು ಬರುವುದಿಲ್ಲ. "ಹೌದಮ್ಮ. ಅದು ಎದ್ದರೆ ಇದು ಇರೋದಿಲ್ಲ" ಅಂದರು.

"ಅಂಗಾರೆ ಇದ್ರಲ್ಲಿ ಅರ್ಧ ನಂದು. ಪಾಲಿಗ್ ಕೊಟ್ಟಿದ್ದೆ, ಕೇಳಿ ಇವ್ಳನ್ನ."

ಮೋಹನ್‌ಕುಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಜ್ಜಿ, ಬೆಳಕ್ನ ಅರ್ಧ ಮಾಡಾಕಾಯ್ತದಾ? ಅದೇನ್ ಮುದ್ದೆನಾ?"

ದುರದೃಷ್ಟಕ್ಕೆ ಆಗುತ್ತದೆ. ಅರ್ಧವನ್ನು ಬಿಟ್ಟು ಅರ್ಧವನ್ನು ತಿರುಗಿಸುವ ಕನ್ನಡಿ ಆ ಮೇಜಿನ ಡ್ರಾಯರಿನಲ್ಲೇ ಇತ್ತು. ಅದು ಪಂಚಾಕ್ಷರಯ್ಯನವರಿಗೂ ಗೊತ್ತು. ಆದರೆ ಅರ್ಧ ಕೊಟ್ಟರೆ ಮೀಟರಿಗೆ ಉಳಿಯುವುದು ಮೂವತ್ತೆರಡು, ಕೋಣೆ ಅಣಬೆಗೆ. ಕೊಡದಿದ್ದರೆ ಕೋಳಿ ಮಂಕರಿಗೆ, ಮೀಟರಿನಲ್ಲಿ ಸೊನ್ನೆ. ನನ್ನ ತಲೆ ಕೆಟ್ಟುಹೋಯಿತು. ಅವಳನ್ನು ಪಕ್ಕಕ್ಕೆ ಎಳೆದು, "ದೊಡ್ಡವ್ವ, ನಿನ್ನ ದಮ್ಮಯ್ಯ, ಇವತ್ತೊಂದಿನ ಬಿಡು. ನಾಳೆ ಕೊಡ್ತೀನಿ" ಅಂದೆ.

"ನಾಳೆನಾ?" ಅವಳ ದನಿ ಸಣ್ಣದಾಯಿತು. "ನಿಮ್ಮಪ್ಪ, ನಿಮ್ ದೊಡ್ಡಪ್ಪ ಭಾಗ ಮಾಡ್ಕೊಂಡ್ರಲ್ಲ, ತ್ವಾಟ ಒಬ್ರುಗೆ, ಗದ್ದೆ ಒಬ್ರುಗೆ. ನನ್ನ ಒಡ್ವೇನೂ ಅದ್ರೊಳಗೇ ಓಯ್ತು. ನಂಗೇನು ಅಂದೆ. ನಾಳೆ ನೋಡಾಣ ಅಂದ್ರು. ನಿಮ್ ದೊಡ್ಡಪ್ಪ ಓಗೇ ಬುಟ್ರು, ಆ ನಾಳೆ ಬರ್ನಿಲ್ಲ ಕಣೆ. ಇದು ನಂದು ಅನ್ನಾಕೆ ನಂಗಿರಾದು ಈ ಕೋಳಿ ಒಂದೇಯ. ನೀನೂ ನಾಳೆ ಅಂತೀಯಾ?"

ಹೇಳಿದವಳೇ ಕೆಂಪಿಯ ಕೆಳಗೆ ಎರಡೂ ಕೈ ಹಾಕಿದಳು. ಕೋಳಿ ಅರ್ಧ ಮೇಲೆದ್ದಿತು. ಹಳದಿ ಮಂಕಾಗತೊಡಗಿತು. ಮೀಟರಿನಲ್ಲಿ ಐವತ್ತೊಂದು, ನಲವತ್ತು. ಮೋಹನ್‌ಕುಮಾರ್ ಪಡಸಾಲೆಯ ಕಡೆ ಕೈ ಸನ್ನೆ ಮಾಡಿದರು, ಚೀಲ ಹೊರುವವರು ಎದ್ದು ನಿಂತರು.

ನನಗೆ ಅವಳ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಇದು ನಂದು ಅನ್ನಲು ಒಂದೇ ಒಂದು ಇರುವುದು ಎಂದರೆ ಏನೆಂದು ಅಲ್ಲಿದ್ದವರಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಹೊಡೆದಾಡುತ್ತಿದ್ದದ್ದೂ ಅಂಥದ್ದೇ ಒಂದು ಕತ್ತಲೆ ಕೋಣೆಗೆ.

"ಕೂರ್ಸು ದೊಡ್ಡವ್ವ. ಕೊಡ್ತೀನಿ" ಅಂದೆ.

ಅವಳು ಕೆಂಪಿಯನ್ನು ಮೆಲ್ಲಗೆ ಕೂರಿಸಿದಳು. ಬೆಳಕು ಮತ್ತೆ ತುಂಬಿಕೊಳ್ಳುವವರೆಗೆ ಕಾದೆ. ಡ್ರಾಯರ್ ತೆಗೆದು ಅರೆಗನ್ನಡಿಯನ್ನು ದಾರಿಗೆ ಅಡ್ಡ ನಿಲ್ಲಿಸಿದೆ. ಹಳದಿ ಎರಡಾಯಿತು. ಒಂದು ಮೀಟರಿಗೆ, ಇನ್ನೊಂದು ಪಕ್ಕಕ್ಕೆ ತಿರುಗಿ ಮೇಜಿನ ಆಚೆಗೆ.

"ಎಲ್ಲಿ ಇಡ್ಕಳ್ಳಿ?" ಅಂದಳು ದೊಡ್ಡವ್ವ. ನಾನು ತೋರಿಸಿದ ಕಡೆ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಮಡಿಲು ಒಡ್ಡಿದಳು. ಮಾಸಿದ ಬಿಳಿ ಸೆರಗಿನ ನಡುವೆ ಹಳದಿ ಬಿತ್ತು. ಅವಳು ಬಗ್ಗಿ ನೋಡಿದಳು. ಸೆರಗನ್ನು ಮೆಲ್ಲಗೆ ಎತ್ತಿ ತೂಕ ನೋಡಿದಳು. ಯಾರೂ ನಗಲಿಲ್ಲ, ಮೋಹನ್‌ಕುಮಾರ್ ಕೂಡ.

"ಮೂವತ್ತೆರಡು" ಎಂದರು ಪಂಚಾಕ್ಷರಯ್ಯ, ಮೀಟರ್ ನೋಡಿ. ಅವರ ದನಿಯಲ್ಲಿ ಬೇಸರವಿತ್ತು. "ಬೇಕಾಗಿದ್ದದ್ದು ಅರವತ್ತು."

"ಮುಗೀತಲ್ಲ ಸಾ" ಎಂದರು ಮೋಹನ್‌ಕುಮಾರ್. ಮೊದಲ ಚೀಲ ಹೊಸಿಲು ದಾಟಿತು.

"ಇರ್ರಪ್ಪ" ಎಂದಳು ದೊಡ್ಡವ್ವ, ಮಡಿಲಿನಿಂದ ಕಣ್ಣು ಎತ್ತದೆ. "ಇದು ಈಗ ನಂದೇ ತಾನೆ?"

"ನಿಂದೇ."

"ಯಾರೂ ಕೇಳಂಗಿಲ್ಲ?"

"ಯಾರೂ ಕೇಳೋ ಹಾಗಿಲ್ಲ."

ಪಂಚಾಕ್ಷರಯ್ಯನವರ ಕಡೆ ನೋಡಿದಳು. ಅವರೂ ಕೊಡೆಯ ಮೇಲೆ ಕೈಯಿಟ್ಟು, "ನಿಮ್ಮದೇ ಅಮ್ಮ" ಎಂದರು.

"ಅಂಗಾರೆ ನನ್ನಿಷ್ಟ. ಬಾರೆ ಇಲ್ಲಿ, ಮಡ್ಲು ಒಡ್ಡು."

ನನಗೆ ಅರ್ಥವಾಗಲಿಲ್ಲ. ಪೆದ್ದಿಯಂತೆ ನಿಂತೆ.

"ನಿನ್ ಮದ್ವೇಲಿ ತುಂಬ್ಸಾಣ ಅಂತಿದ್ದೆ, ನೀನು ಆಗ್ನಿಲ್ಲ. ಗಂಡ ಸತ್ತೋಳು ಮಡ್ಲು ತುಂಬ್ಸಬಾರ್ದು ಅಂತಾರೆ. ಮದ್ವೆ ಆಗ್ದೋಳ್ಗೆ ತುಂಬ್ಸಬಾರ್ದು ಅಂತಾರೆ. ಇಬ್ರುಗೂ ಸರೋಯ್ತು. ಒಡ್ಡೆ!"

ನಾನು ದುಪಟ್ಟಾ ಒಡ್ಡಿದೆ. ಅವಳು ತನ್ನ ಸೆರಗಿನಿಂದ ನನ್ನ ದುಪಟ್ಟಾಕ್ಕೆ ಮೂರು ಸಲ ಸುರಿದು, ನಾಲ್ಕನೆಯ ಸಲ ಸುಮ್ಮನೆ ಪಕ್ಕಕ್ಕೆ ಸರಿದಳು. ಹಳದಿ ಬಂದು ನನ್ನ ಮಡಿಲಿನಲ್ಲಿ ಕೂತಿತು. ತೂಕವೇನೂ ಇರಲಿಲ್ಲ. ಆದರೂ ಕನ್ನಡಕದೊಳಗೆಲ್ಲ ನೀರು ತುಂಬಿಕೊಂಡಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಈಗ ಎರಡು ಪಾಲೂ ರೂಪಶ್ರೀದೇ" ಎಂದು ಜಿನೇಂದ್ರ ಸರ್ ತಾವೇ ಹೋಗಿ ಅರೆಗನ್ನಡಿಯನ್ನು ತೆಗೆದರು. ಮೀಟರ್ ಅರವತ್ತನಾಲ್ಕಕ್ಕೆ ಏರಿ ನಿಂತಿತು. ಪಂಚಾಕ್ಷರಯ್ಯ ಮತ್ತೆ ಮೊದಲಿನಿಂದ ಅರ್ಧ ಗಂಟೆ ಕೂತು ನೋಡಿದರು. ಅಷ್ಟು ಹೊತ್ತೂ ಮೋಹನ್‌ಕುಮಾರ್ ಹೊಸಿಲು ದಾಟಿದ ಚೀಲವನ್ನು ಕೈಯಿಂದ ತಡೆದು ಹಿಡಿದಿದ್ದರು. ಎಷ್ಟಾದರೂ ನಮ್ಮ ಕಡೆಯವರೇ, ಮನೆಮಗಳ ಮಡಿಲಿಗೆ ಬಿದ್ದದ್ದನ್ನು ಕಿತ್ತುಕೊಳ್ಳುವ ಧೈರ್ಯ ಅವರಿಗೂ ಇಲ್ಲ. ಚೀಲಗಳು ಬಂದ ದಾರಿಯಲ್ಲೇ ಹೊರಟವು. ಈಗ ಅಣಬೆ ಕಾರ್ಯದರ್ಶಿಯವರ ಸ್ವಂತ ಕೋಣೆಯಲ್ಲಿ ಬೆಳೆಯುತ್ತಿದೆ. ಸಹಿ ಹಾಕಿಸಲು ಹೋದವರು ಟಾರ್ಚ್ ಹಿಡಿದು ಹೋಗಬೇಕು.

ಎಲ್ಲ ಮುಗಿದ ಮೇಲೆ ದೊಡ್ಡವ್ವ ಕೆಂಪಿಯ ಕೆಳಗಿನಿಂದ ಚೆಂಡುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಅವು ಟಕಟಕ ಕುಣಿದು ನೆಲಕ್ಕೆ ಉರುಳಿದವು. ಕೆಂಪಿ ಕತ್ತು ಚಾಚಿ ಅವು ಹೋದ ಕಡೆಯೇ ನೋಡುತ್ತಿತ್ತು. ಮೂರು ವಾರ ಅವನ್ನು ಮಕ್ಕಳೆಂದು ನಂಬಿ ಕೂತಿದ್ದ ಪ್ರಾಣಿ ಅದು.

"ನಂಗೂ ಸಿಕ್ತು, ನಿಂಗೂ ಸಿಕ್ತು. ಇದುಕ್ಕೇನ್ ಸಿಕ್ತೇ?" ಅಂದಳು ದೊಡ್ಡವ್ವ.

ಮಡಿಲು ತುಂಬಿಸಿಕೊಂಡ ಸಂಭ್ರಮದಲ್ಲಿ ನಾನು ಕೋಳಿಯ ಮುಖವನ್ನೇ ನೋಡಿರಲಿಲ್ಲ. ತಿರುಗಿದರೆ ಜಿನೇಂದ್ರ ಸರ್ ಕೋಣೆಯಲ್ಲಿಲ್ಲ. ಸಂಜೆ ಬಿಸಿಲು ಇಳಿಯುವ ಮೊದಲೇ ಊಟ ಮುಗಿಸುವ ಮನುಷ್ಯ, ಅವತ್ತು ಊಟದ ಡಬ್ಬಿ ಮುಚ್ಚಿದ್ದ ಹಾಗೇ ಇತ್ತು. ಹೊತ್ತು ಮುಳುಗುವಾಗ ಅವರು ಕಾಲೇಜಿನ ಗೇಟಿನಿಂದ ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಆ ಎರಡು ಕೈಗಳ ನಡುವೆ ಕರವಸ್ತ್ರ, ಕರವಸ್ತ್ರದಲ್ಲಿ ಆರು ನಾಟಿ ಮೊಟ್ಟೆ.

"ಇವು ಮರಿ ಆಗೋವೇ ತಾನೆ ಅಮ್ಮ? ಹುಂಜ ಇರೋ ಮನೆಯಿಂದಲೇ ಕೇಳಿ ತಂದೆ" ಎಂದು ದೊಡ್ಡವ್ವನನ್ನು ಕೇಳಿದರು.

ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಕೆಂಪಿಯ ಕೆಳಗೆ ಸರಿಸಿದಳು. "ಆಯ್ತವೆ ಸಾಮಿ. ಕೋಳಿ ನಂದು, ಮೊಟ್ಟೆ ನಿಮ್ದು. ಮರಿ ಆದ್ಮೇಲೆ ಅರ್ಧ ನಿಮ್ಗೆ ಬರ್ತದೆ, ಬ್ಯಾಡ ಅನ್ನಂಗಿಲ್ಲ" ಎಂದಳು.

ಜಿನೇಂದ್ರ ಸರ್ ಗಾಬರಿಯಿಂದ ನನ್ನ ಮುಖ ನೋಡಿದರು.